ಎಷ್ಟ್ ತಾಸ ಹತ್ತತದ?

ಇಂಗ್ಲಿಷಿನ 'ಟೇಕ್' ಎಂಬ ಕ್ರಿಯಾಪದಕ್ಕೆ ನಮ್ಮ ಶಾಲೆಗಳಲ್ಲಿ ಮೊದಲು ಸಿಗುವ ಅರ್ಥ 'ತೆಗೆದುಕೊಳ್ಳು'. ಮಗು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತದೆ. ಪೆನ್ನು ತಗೋ, ರೊಕ್ಕ ತಗೋ, ಗುಳಿಗಿ ತಗೋ ಎನ್ನುವವರೆಗೆ ಆ ಅರ್ಥದಿಂದ ಏನೂ ತೊಂದರೆಯಿಲ್ಲ. ಹೈಸ್ಕೂಲಿಗೆ ಬಂದಾಗ 'ಇಟ್ ಟೇಕ್ಸ್ ಟೂ ಅವರ್ಸ್' ಎಂಬ ವಾಕ್ಯ ಎದುರಾಗುತ್ತದೆ. 'ಅದು ಎರಡು ಗಂಟೆ ತೆಗೆದುಕೊಳ್ಳುತ್ತದೆ' ಎಂದು ಮಗು ಬರೆಯುತ್ತದೆ. ಯಾವುದು ತೆಗೆದುಕೊಳ್ಳುತ್ತದೆ, ಯಾರ ಕೈಯಿಂದ ತೆಗೆದುಕೊಳ್ಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಈಗೀಗ ಅಚ್ಚಿನ ಕನ್ನಡದಲ್ಲೂ ಸೇತುವೆಗಳು ಮೂರು ವರ್ಷ 'ತೆಗೆದುಕೊಳ್ಳುತ್ತಿವೆ'. ಅದೇ ಮಗು ಯಾದಗಿರಿಯ ಬಸ್ ನಿಲ್ದಾಣದಲ್ಲಿ ನಿಂತು ಕಂಡಕ್ಟರನನ್ನು ಕೇಳುವ ಮಾತು ಬೇರೆ: "ಸುರಪುರಕ್ಕ ಎಷ್ಟ್ ತಾಸ ಹತ್ತತದ್ರೀ?"

ಈ ಸೀಮೆಯಲ್ಲಿ ಇಂಗ್ಲಿಷ್ ಕಲಿಸುತ್ತ ಬಂದ ನನಗೆ ಈ ಎರಡು ವಾಕ್ಯಗಳ ನಡುವಿನ ದೂರ ಯಾವಾಗಲೂ ಮನಸ್ಸಿಗೆ ಹತ್ತಿದೆ. ಟೇಕ್ ಎಂಬುದರ ಕಷ್ಟದ ಅರ್ಥಗಳೆಲ್ಲ ನಮ್ಮ ಮಕ್ಕಳಿಗೆ ಗೊತ್ತು. ಗೊತ್ತಿರುವುದು 'ತೆಗೆದುಕೊಳ್ಳು' ಎಂಬ ಹೆಸರಿನಲ್ಲಲ್ಲ, 'ಹತ್ತು' ಎಂಬ ಹೆಸರಿನಲ್ಲಿ.

ಬದುವಿನಲ್ಲಿ ಇಟ್ಟ ಬೇವಿನ ಸಸಿ ಬೇರು ಬಿಟ್ಟಿತೆಂದರೆ ನಾವು "ಗಿಡ ಹತ್ತಿತು" ಅನ್ನುತ್ತೇವೆ. ಇಂಗ್ಲಿಷಿನ ತೋಟಗಾರ ಕಸಿ ಕೂಡಿಕೊಂಡಾಗ ಬಳಸುವ ಕ್ರಿಯಾಪದ ಟೇಕ್. ಅರಿವೆಗೆ ಬಣ್ಣ ಹತ್ತಿದರೆ ಅಲ್ಲಿಯೂ ಟೇಕ್. ಕುಡಿಯುವ ಚಟ ಹತ್ತಿದವನನ್ನು ಅವರು 'ಟೇಕ್ ಟು ಡ್ರಿಂಕ್' ಎಂದು ಹೇಳುತ್ತಾರೆ. ದಾರಿ ಹತ್ತಿ ಹೊರಟರೆ 'ಟೇಕ್ ಟು ದ ರೋಡ್'. ಬಸ್ ಹತ್ತಿದರೆ 'ಟೇಕ್ ಅ ಬಸ್'. "ಮನಿ ಕಟ್ಟಾಕ ಭಾಳ ರೊಕ್ಕ ಹತ್ತತಾವ" ಎಂಬಲ್ಲಿ ರೊಕ್ಕಕ್ಕೂ ಅದೇ. ಅಕ್ಕಪಕ್ಕದ ಮನೆಯವರ ಬಗ್ಗೆ "ಅವರಿಬ್ಬರಿಗಿ ಹತ್ತಂಗಿಲ್ಲ" ಅಂದರೆ ಅವರು ಒಬ್ಬರನ್ನೊಬ್ಬರು 'ಟೇಕ್ ಟು' ಮಾಡಿಕೊಂಡಿಲ್ಲ. ಎರಡು ಭಾಷೆಗಳ ನಡುವೆ ನೆಂಟಸ್ತನವಿಲ್ಲ, ಸಾವಿರಾರು ಮೈಲು ಅಂತರವಿದೆ. ಆದರೂ ಗಿಡ, ಬಣ್ಣ, ಬೆಂಕಿ, ಚಟ, ದಾರಿ, ಹೊತ್ತು ಎಲ್ಲವನ್ನೂ ಎರಡೂ ಕಡೆಯವರು ಒಂದೇ ಕ್ರಿಯಾಪದಕ್ಕೆ ಒಪ್ಪಿಸಿದ್ದಾರೆ.

ನಮ್ಮ ಇತಿಹಾಸದಿಂದಲೇ ಒಂದು ವಾಕ್ಯ ಹೇಳುತ್ತೇನೆ. ಸುರಪುರದ ಹತ್ತಿರ ವಾಗಣಗೇರಾ ಇದೆ. ಬೇಡ ನಾಯಕರ ಆ ಕೋಟೆಯ ಮೇಲೆ 1705ರಲ್ಲಿ ಸ್ವತಃ ಔರಂಗಜೇಬನೇ ದಂಡೆತ್ತಿ ಬಂದ. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎರಡು ವರ್ಷಕ್ಕೆ, 1707ರಲ್ಲಿ, ತೀರಿಕೊಂಡ. ಫೆಬ್ರವರಿಯಲ್ಲಿ ಶುರುವಾದ ಮುತ್ತಿಗೆ ಏಪ್ರಿಲ್ ಕೊನೆಯವರೆಗೂ ನಡೆಯಿತು. ಕೋಟೆ ಬೀಳುವ ಹೊತ್ತಿಗೆ ನಾಯಕ ಒಳಗಿರಲೇ ಇಲ್ಲ, ಜಾರಿಕೊಂಡು ಹೋಗಿದ್ದ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳುವಾಗ 'ಇಟ್ ಟುಕ್ ಹಿಮ್ ನಿಯರ್ಲಿ ತ್ರೀ ಮಂತ್ಸ್ ಟು ಟೇಕ್ ದ ಫೋರ್ಟ್' ಎನ್ನಬೇಕಾಗುತ್ತದೆ. ಒಂದೇ ವಾಕ್ಯದಲ್ಲಿ ಎರಡು ಟೇಕ್. ನಮ್ಮ ಹುಡುಗರು ಅದನ್ನು ತಡವರಿಸದೆ ಕನ್ನಡಕ್ಕೆ ತಂದರು: "ಕೋಟಿ ಹಿಡಿಯಾಕ ಅವಗ ಮೂರು ತಿಂಗಳಕ್ಕ ಹತ್ತರ ಹತ್ತತು." ಹೊತ್ತಿನ ಟೇಕ್‌ಗೆ 'ಹತ್ತು', ಕೈಯ ಟೇಕ್‌ಗೆ 'ಹಿಡಿ'. ಇಂಗ್ಲಿಷ್ ಒಂದೇ ಮೂಟೆಯಲ್ಲಿ ಕಟ್ಟಿದ್ದನ್ನು ಕನ್ನಡ ಎರಡಾಗಿ ಬಿಚ್ಚಿ ಇಟ್ಟಿತು. ಕೋಟೆ ಹತ್ತುವುದೇ ಬೇರೆ, ಹಿಡಿಯುವುದೇ ಬೇರೆ. ಯಾದಗಿರಿಯ ಕೋಟೆಯನ್ನು ರಜೆಯ ದಿನ ಶಾಲೆಯ ಮಕ್ಕಳೂ ಹತ್ತಿ ಇಳಿಯುತ್ತಾರೆ.

ಟೇಕ್ ಹುಟ್ಟಿದ್ದು ಕೈಯಿಂದಲೇ. ಅದು ಮೂಲದಲ್ಲಿ ಇಂಗ್ಲಿಷಿನದೂ ಅಲ್ಲ. ಸಾವಿರ ವರ್ಷದ ಹಿಂದೆ ಉತ್ತರದ ಸಮುದ್ರ ದಾಟಿ ಬಂದ ನಾರ್ಸ್ ಜನ ಇಂಗ್ಲೆಂಡಿನ ಊರುಗಳನ್ನು ಹಿಡಿದು ಅಲ್ಲೇ ನೆಲೆನಿಂತರು. ಅವರ 'ತಾಕಾ' ಎಂಬ ಮಾತು ಇಂಗ್ಲಿಷರ ಬಾಯಿಗೆ ಬಂದು ಟೇಕ್ ಆಯಿತು. ಅದಕ್ಕೂ ಮುಂಚೆ ಇಂಗ್ಲಿಷಿಗೆ ಅದೇ ಅರ್ಥದ ತನ್ನದೇ ಕ್ರಿಯಾಪದವಿತ್ತು, 'ನಿಮಾನ್'. ಹೊಸದು ಬಂದು ಹಳೆಯದನ್ನು ಮೂಲೆಗೆ ತಳ್ಳಿತು. ಮರಗಟ್ಟಿದ ಕೈಕಾಲಿಗೆ ಇಂಗ್ಲಿಷಿನಲ್ಲಿ 'ನಮ್' ಅನ್ನುತ್ತಾರಲ್ಲ, ಅದು ಆ ಸತ್ತ ಕ್ರಿಯಾಪದದ ಉಳಿಕೆ. ಹಿಡಿಯಲ್ಪಟ್ಟದ್ದು ಎಂಬುದು ಅದರ ಮೊದಲ ಅರ್ಥ. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟು 'ನೇಮನ್' ಇಂದಿಗೂ ದಿನಬಳಕೆಯಲ್ಲಿದೆ. ನಮಗೆ 1894ರಲ್ಲಿ ಆ ದೊಡ್ಡ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಜರ್ಮನ್ ಮನುಷ್ಯ. ಮನೆಯಲ್ಲಿ ನೇಮನ್ ಎಂದು ಬೆಳೆದವರು ಹತ್ತು, ಹಚ್ಚು ಎಂಬ ನಮ್ಮ ಮಾತುಗಳ ಅರ್ಥಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಬರೆದಿಟ್ಟರು ಎಂಬುದನ್ನು ನೆನೆದರೆ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕುತ್ತದೆ.

ಕೈಯ ಟೇಕ್ ಏನೆಂದು ಸುರಪುರಕ್ಕೆ ಚೆನ್ನಾಗಿ ಗೊತ್ತು. ಗುಡ್ಡದ ಮೇಲೆ ಇಂದಿಗೂ ಟೇಲರ್ ಮಂಜಿಲ್ ಇದೆ. ಕರ್ನಲ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಕಟ್ಟಿಸಿದ ಮನೆ. ಹುಡುಗನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿದವನು ಅವನು. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ಕಂಪನಿಯ ಪಡೆ ಬಂದು ಸುರಪುರವನ್ನು ಹಿಡಿಯಿತು. ಇಂಗ್ಲಿಷಿನಲ್ಲಿ ಅದು 'ಟುಕ್' ಎಂಬ ಒಂದೇ ಗೇಣಿನ ಪದ. ಆ ತರುಣ ರಾಜ ಸೆರೆಯಾಗಿ, ಶಿಕ್ಷೆಯಾಗಿ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟರು. ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಹುಡುಗನ ಬಗ್ಗೆ ಬರೆದದ್ದನ್ನು ನಮ್ಮ ಪದವಿ ತರಗತಿಗಳಲ್ಲಿ ಓದಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಮತ್ತೆ ಮಾತಿಗೆ ಬರೋಣ. 'ಹತ್ತು' ಎಂಬುದಕ್ಕೆ ಕೈ ಇಲ್ಲ. ಅದು ತಾನಾಗಿ ಆಗುವ ಕೆಲಸ. ಹಳಗನ್ನಡದಲ್ಲಿ ಅದು 'ಪತ್ತು'; ಅಂಟು, ತಗಲು, ಏರು ಎಂಬುವು ಅದರ ಹಳೆಯ ಅರ್ಥಗಳು. ತಮಿಳಿನ ಬೆಂಕಿಯೂ ಇದೇ ಬುಡದ ಕ್ರಿಯಾಪದದಿಂದ ಹತ್ತುತ್ತದೆ. (ಎಣಿಕೆಯ ಹತ್ತಾಗಲಿ, ನಮ್ಮ ಕರಿ ಹೊಲದ ಹತ್ತಿಯಾಗಲಿ ಇದಕ್ಕೆ ನೆಂಟರಲ್ಲ, ದನಿ ಮಾತ್ರ ಕೂಡಿದೆ.) ಕೈ ಇರುವುದು ಇದರ ಜೋಡಿಗೆ, 'ಹಚ್ಚು' ಎಂಬುದಕ್ಕೆ. ದೀಪ ಹಚ್ಚಿದರೆ ದೀಪ ಹತ್ತುತ್ತದೆ. ಬಣ್ಣ ಹಚ್ಚಿದರೆ ಬಣ್ಣ ಹತ್ತುತ್ತದೆ. ಮಗನನ್ನು ಕೆಲಸಕ್ಕೆ ಹಚ್ಚಿದರೆ ಮಗ ಕೆಲಸಕ್ಕೆ ಹತ್ತುತ್ತಾನೆ. ಚಟ ಹಚ್ಚುವ ಗೆಳೆಯರೂ ಇರುತ್ತಾರೆ, ಚಟ ಹತ್ತುವ ಹುಡುಗರೂ ಇರುತ್ತಾರೆ. ಹಚ್ಚುವುದಕ್ಕೂ ಹತ್ತುವುದಕ್ಕೂ ನಡುವೆ ಒಂದು ಸಂಶಯದ ಗಳಿಗೆ ಇದೆ, ಹಚ್ಚಿದ್ದೆಲ್ಲ ಹತ್ತುವುದಿಲ್ಲ. "ಹಚ್ಚೇನಿ, ಹತ್ತವಲ್ದು" ಎಂಬ ಮಾತು ನಮ್ಮಲ್ಲಿ ಒಲೆಯ ಮುಂದೆಯೂ ಕೇಳುತ್ತದೆ, ಮೊಬೈಲ್ ಕಿವಿಗಿಟ್ಟುಕೊಂಡವರ ಬಾಯಲ್ಲಿಯೂ ಕೇಳುತ್ತದೆ.

ಇದರ ಪೂರ್ತಿ ಸೊಗಸು ಕಾಣಬೇಕೆಂದರೆ ಮುಂಗಾರಿನಲ್ಲಿ ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಶಹಾಪುರ, ಸುರಪುರ, ಹುಣಸಗಿಯ ಕಡೆ ಹೋಗಬೇಕು. ಜೋಳ, ತೊಗರಿ, ಹತ್ತಿಯ ಸೀಮೆಯಾಗಿದ್ದ ಇಲ್ಲಿ ಕಾಲುವೆ ಬಂದ ಮೇಲೆ ನೆಲ್ಲು ಬಂತು. ಹೊತ್ತು ಮೂಡುವ ಮುಂಚೆ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಟಂಟಂ ತುಂಬ ಕೂತು ಹೊರಡುತ್ತಾರೆ. ಎಲ್ಲಿಗೆ ಎಂದು ಕೇಳಿದರೆ "ನೆಲ್ಲ ಹಚ್ಚಾಕ". ನಾಟಿ ಎಂಬ ಪದ ಕೃಷಿ ಇಲಾಖೆಯ ಕರಪತ್ರದಲ್ಲಿದೆ, ಗದ್ದೆಯಲ್ಲಿ ಇರುವುದು ಹಚ್ಚುವುದೇ. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತು, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಅವರು ಹಚ್ಚುತ್ತ ಹೋಗುತ್ತಾರೆ. ಹಚ್ಚಿದ ಕೆಲವು ದಿನ ಗದ್ದೆ ಹಳದಿಯಾಗಿ ಕಾಣುತ್ತದೆ. ಕಿತ್ತು ಬಂದ ಬೇರು ಹೊಸ ನೆಲಕ್ಕೆ ಒಗ್ಗಿರುವುದಿಲ್ಲ. ವಾರ ಕಳೆದು ಎಲೆ ಹಸಿರಿಗೆ ತಿರುಗಿದಾಗ ರೈತ ಬದುವಿನ ಮೇಲೆ ನಿಂತು "ಸಸಿ ಹತ್ಯಾವ" ಅನ್ನುತ್ತಾನೆ. ಒಕ್ಕಲುತನದ ಮುಖ್ಯ ಸುದ್ದಿ ಆ ಎರಡು ಪದದಲ್ಲಿ ಮುಗಿಯಿತು. ಅದೇ ಸುದ್ದಿಯನ್ನು ಇಂಗ್ಲಿಷಿನ ರೈತನೂ ಟೇಕ್ ಎಂಬುದರಲ್ಲಿ ಹೇಳುತ್ತಾನೆ, ಆದರೆ ಹಚ್ಚುವುದಕ್ಕೆ ಅವನು 'ಪ್ಲಾಂಟ್' ಎಂಬ ಬೇರೆ ಮನೆಯ ಪದ ಕರೆಯಬೇಕು. ನಮ್ಮಲ್ಲಿ ಬೇರು ಹಿಡಿದದ್ದೂ ಬೇರು ಇಟ್ಟದ್ದೂ ಒಂದೇ ಮನೆಯ ಎರಡು ಮಾತು. ಸುರಪುರ ಸೀಮೆಯ ಮುದನೂರು ನೇಕಾರ ದೇವರ ದಾಸಿಮಯ್ಯನ ಊರು; ನೂಲಿಗೆ ಬಣ್ಣ ಹಚ್ಚುವವರಿಗೆ, ಅದು ಹತ್ತಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವವರಿಗೆ ಈ ಜೋಡಿ ಮಾತು ಎಷ್ಟು ಕಾಲದಿಂದ ದುಡಿದಿರಬೇಕು!

ಈ ಜೋಡಿ ಕನ್ನಡಕ್ಕೆ ಮಾತ್ರ ಸೇರಿದ್ದೆಂದು ನಾನು ಹೇಳುವುದಿಲ್ಲ, ಅದರ ಬೆಲೆ ಇರುವುದೇ ನೆರೆಯವರ ಜೊತೆ ಕೂಡಿ ಬೆಳೆದದ್ದರಲ್ಲಿ. ನಮ್ಮ ಮುಸ್ಲಿಂ ಮನೆಗಳ ದಖ್ಖನಿ ಉರ್ದುವಿನಲ್ಲಿ 'ಲಗನಾ, ಲಗಾನಾ' ಎಂಬ ಜೋಡಿ ಇದೆ. ಬೆಂಕಿ ಲಗತದ, ಫೋನ್ ಲಗಾಯಿಸುತ್ತಾರೆ, ಎರಡು ತಾಸು ಲಗತಾವ, ಗಿಡ ಲಗಾಯಿಸುತ್ತಾರೆ. 'ಕರನೇ ಲಗಾ' ಎಂದರೆ ಮಾಡಾಕ ಹತ್ತಿದ. ಮರಾಠಿಯಲ್ಲಿ 'ಲಾಗಣೇ, ಲಾವಣೇ'. ಅಲ್ಲಿ ಭತ್ತ ಹಚ್ಚುವುದಕ್ಕೆ ಲಾವಣಿ ಎಂದೇ ಹೆಸರು. ಗುರುಮಠಕಲ್ಲಿನಿಂದ ಮುಂದೆ ತೆಲುಗು ಶುರುವಾದರೆ 'ಪಟ್ಟು' ಎಂಬುದು ಬರುತ್ತದೆ. ನಮಗೆ ನಿದ್ದಿ ಹತ್ತುತ್ತದೆ, ಅವರಿಗೆ ನಿದ್ರೆ ಪಟ್ಟುತ್ತದೆ, ಇಬ್ಬರಿಗೂ ಅದೇ ಕ್ರಿಯಾಪದದಿಂದ ಹೊತ್ತು ಹಿಡಿಯುತ್ತದೆ. ನಿಜಾಮನ ಹೈದರಾಬಾದ್ ಸಂಸ್ಥಾನ 1948ರಲ್ಲಿ ಕೊನೆಗೊಳ್ಳುವವರೆಗೆ ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ, ಬಂಧುಬಳಗದಲ್ಲಿ ತೆಲುಗು ಎಂದು ಬದುಕಿದವರು ನಮ್ಮ ಸೀಮೆಯ ಜನ. ತಿಂಥಣಿ ಮೋನಪ್ಪಯ್ಯನ ಜಾತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಭಕ್ತರ ಜಯಘೋಷವೇ ಎರಡು ನುಡಿಗಳಲ್ಲಿ ಬೆರೆತು ಏಳುತ್ತದೆ. ಒಬ್ಬರೇ ಮನುಷ್ಯರು ದಿನಕ್ಕೆ ಮೂರು ಭಾಷೆ ಆಡಿದರೆ ಮೂರು ಭಾಷೆಗಳ ಕ್ರಿಯಾಪದಗಳೂ ಒಂದೇ ದಾರಿಯಲ್ಲಿ ನಡೆಯಲು ಕಲಿಯುತ್ತವೆ.

ಇದನ್ನು ವಿದ್ವಾಂಸರೂ ನೋಡಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳನ್ನು ಕೂಡಿಸಿ ನೋಡಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪದಗಳು ಬೇರೆ ಬೇರೆಯಾಗಿಯೇ ಉಳಿದಿವೆ, ವಾಕ್ಯದ ಕಟ್ಟು ಮಾತ್ರ ಎಷ್ಟು ಒಂದಾಗಿದೆಯೆಂದರೆ ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ದಾಟಿಸಬಹುದು ಎಂಬುದು ಅವರು ಕಂಡದ್ದು. ನಮ್ಮ ಶಹಾಪುರದ ಸಂತೆಯಲ್ಲಿ ಅಂಥದೊಂದು ಅಧ್ಯಯನ ನಡೆದರೆ ಎಷ್ಟು ಚೆನ್ನಾಗಿರುತ್ತದೆ. ನಮ್ಮ ಭಾಗದ ಎಂ.ಎ. ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೈಗೆತ್ತಿಕೊಳ್ಳಿ.

ಮಾತಿಗೆ ಮರ್ಯಾದೆ ಸಿಗದಿದ್ದಾಗ ನೋವಾಗುತ್ತದೆ. ಬಿತ್ತನೆ ಮುಗಿದ ಮೇಲೆ ಯಾದಗಿರಿಯ ಸ್ಟೇಷನ್ನಿನಿಂದ ಎಷ್ಟೋ ಮನೆಗಳು ಗುಳೆ ಹೊರಡುತ್ತವೆ. ಅವರಲ್ಲಿ ಬಹಳ ಜನ ಕಟ್ಟಡದ ಕೆಲಸಕ್ಕೆ ಬೆಂಗಳೂರು, ಮುಂಬೈ, ಹೈದರಾಬಾದ್ ಎಂದು ಹೋಗುತ್ತಾರೆ. ಬೆಂಗಳೂರಿಗೆ ಹೋದ ಹುಡುಗ ಅಲ್ಲಿ "ಫೋನ್ ಹಚ್ಚಿ ಕೊಡ್ರಿ" ಎಂದರೆ ಫೋನಿಗೆ ಬೆಂಕಿ ಹಚ್ಚಬೇಕಾ ಎಂದು ನಗುತ್ತಾರೆ. ವರ್ಷ ಕಳೆದು ಊರಿಗೆ ಬಂದಾಗ ಅವನು ತಾಯಿಗೆ "ಫೋನ್ ಮಾಡ್ತೀನಿ" ಅನ್ನುತ್ತಾನೆ. 'ಮಾಡು' ಎಂಬುದರಲ್ಲಿ ತಪ್ಪಿಲ್ಲ. ಆದರೆ ಹಚ್ಚು ಎಂಬುದನ್ನು ನಾಚಿಕೆಯಿಂದ ಬಿಟ್ಟನಲ್ಲ, ಅದು ತಪ್ಪು. ದೂರದ ಕಂಬಕ್ಕೆ ತಂತಿ ಹಚ್ಚಿ ಇಬ್ಬರ ಮಾತನ್ನು ಕೂಡಿಸುವ ಕೆಲಸಕ್ಕೆ ಅಂಟಿಸು, ತಗಲಿಸು ಎಂಬ ಅರ್ಥದ ಕ್ರಿಯಾಪದವನ್ನೇ ಆರಿಸಿದ ಜನರ ಬುದ್ಧಿ ದೊಡ್ಡದು. ಇಂಗ್ಲಿಷಿನವರೂ ಅಲ್ಲಿ 'ಕನೆಕ್ಟ್' ಎಂಬ, ಕೂಡಿಸುವ ಅರ್ಥದ ಪದವನ್ನೇ ಬಳಸಿದರು. ನಗಬೇಕಾದ ಮಾತೇ ಅಲ್ಲ ಅದು.

ಈ ಕ್ರಿಯಾಪದ ನಮ್ಮಲ್ಲಿ ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸವನ್ನು ಇನ್ನೂ ಹೇಳಿಲ್ಲ. "ಅವ ಬರಾಕತ್ಯಾನ", "ಮಳಿ ಆಗಾಕತ್ಯದ", ಕಲಬುರಗಿಯ ಕಡೆಯವರಾದರೆ "ಬರ್ಲತ್ತಾನ". ಈ ಮಾತುಗಳ ಬಾಲದಲ್ಲಿರುವ 'ಅತ್ತು' ಬೇರೇನೂ ಅಲ್ಲ, ನಮ್ಮ ಹತ್ತೇ. ಬರಲಿಕ್ಕೆ ಹತ್ತಿದ್ದಾನೆ. ಬರುವ ಕೆಲಸಕ್ಕೆ ತಗಲಿಕೊಂಡಿದ್ದಾನೆ. ಧಾರವಾಡದ ಕಡೆಯ ಲೇಖಕರು 'ಹೇಳಹತ್ತಿದನು' ಎಂದು ಬರೆದರು. ಹಳೆ ಮೈಸೂರಿನವರು ಅಲ್ಲಿ 'ತೊಡಗು' ಇಟ್ಟುಕೊಂಡರು. ಅವರಿಗೆ ಅದು ಶುರುವಾಗುವುದರ ಮಾತು ಮಾತ್ರ. ನಮ್ಮ ಸೀಮೆಯ ಬಾಯಲ್ಲಿ ಅದು ಇನ್ನೂ ಮುಂದೆ ಹೋಗಿ, ಈಗ ನಡೆಯುತ್ತಿರುವ ಎಲ್ಲ ಕೆಲಸಗಳ ಗುರುತೇ ಆಗಿಬಿಟ್ಟಿತು. ಮಗು ಅಳುತ್ತಿದ್ದರೂ, ಎಮ್ಮೆ ಮೇಯುತ್ತಿದ್ದರೂ, ಭೀಮಾ ಹೊಳೆ ತುಂಬಿ ಹರಿಯುತ್ತಿದ್ದರೂ ಅಲ್ಲಿ ಹತ್ತು ಇರಲೇಬೇಕು. ಇಂಗ್ಲಿಷಿನ ಟೇಕ್ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟು ನಿಂತಿತು: 'ಹಿ ಟುಕ್ ಟು ರೈಟಿಂಗ್' ಎಂದರೆ ಬರೆಯುವುದಕ್ಕೆ ಹತ್ತಿದ, ರೂಢಿ ಮಾಡಿಕೊಂಡ ಎಂದು. ಅಲ್ಲಿಂದ ಮುಂದೆ ಕಾಲದ ಗುರುತಾಗುವವರೆಗೆ ಅದು ಹೋಗಲಿಲ್ಲ. ಹಚ್ಚು ಕೂಡ ಸುಮ್ಮನೆ ಕೂತಿಲ್ಲ. "ಓದಾಕ ಹಚ್ಚು", "ಹಾಡಾಕ ಹಚ್ಚಿದ್ರು" ಎಂಬಲ್ಲಿ ಒಬ್ಬರಿಂದ ಕೆಲಸ ಮಾಡಿಸುವ ಭಾರವನ್ನೆಲ್ಲ ಅದೇ ಹೊತ್ತಿದೆ. ಸಾಲಿಗೆ ಹಚ್ಚುವುದು ಎಂದರೆ ಹೆಸರು ಬರೆಸಿ ಬರುವುದಷ್ಟೇ ಅಲ್ಲ, ಮಗುವನ್ನು ಓದು ಎಂಬ ಕೆಲಸಕ್ಕೆ ತಗಲಿಸುವುದು.

ಅರ್ಥಗಳ ಲೆಕ್ಕದಲ್ಲಿ ಇಂಗ್ಲಿಷಿನವರಿಗೆ ಹೆಮ್ಮೆ ಇದೆ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಪಡೆದದ್ದು 'ಸೆಟ್' ಎಂಬ ಮೂರಕ್ಷರದ ಕ್ರಿಯಾಪದ. ಟೇಕ್ ಅದರ ಸಾಲಿನದೇ. ಈ ಹಿಗ್ಗುವಿಕೆಗೆ ಇಂಗ್ಲಿಷ್ ಕಂಡುಕೊಂಡ ದಾರಿ, ಕ್ರಿಯಾಪದದ ಬೆನ್ನಿಗೆ ಒಂದು ಚಿಕ್ಕ ಪದ ಕಟ್ಟುವುದು: ಟೇಕ್ ಆಫ್, ಟೇಕ್ ಇನ್, ಟೇಕ್ ಆಫ್ಟರ್, ಟೇಕ್ ಓವರ್. ನಮ್ಮ ಮಕ್ಕಳು ಅಳುವುದು ಇಲ್ಲಿಯೇ. ಕನ್ನಡ ಇದೇ ಕೆಲಸವನ್ನು ಕ್ರಿಯಾಪದದ ಮುಂದಿನಿಂದ ಮಾಡುತ್ತದೆ. ಬೆನ್ನು ಹತ್ತು, ದಾರಿ ಹತ್ತು, ನಿದ್ದಿ ಹತ್ತು, ತಳ ಹತ್ತು. ಇವುಗಳಲ್ಲಿ ಹತ್ತು ಒಂದೇ, ಮುಂದೆ ನಿಂತ ಹೆಸರು ಅರ್ಥವನ್ನು ತಿರುಗಿಸುತ್ತದೆ. ಇದನ್ನು ಕರಿಹಲಗೆಯ ಮೇಲೆ ಎದುರುಬದುರು ಬರೆದು ತೋರಿಸಿದರೆ ಮಕ್ಕಳ ಕಣ್ಣು ಅರಳುತ್ತವೆ. ಉರು ಹೊಡೆಯುವ ಅಗತ್ಯ ಪೂರ್ತಿ ಹೋಗುವುದಿಲ್ಲ, ಭಯ ಹೋಗುತ್ತದೆ. ಕಲಬುರಗಿಯಲ್ಲಿ 2019ರ ನವೆಂಬರಿನಿಂದ ವಿಮಾನ ನಿಲ್ದಾಣ ಇದೆ; ವಿಮಾನ 'ಟೇಕ್ ಆಫ್' ಆಗುವುದಕ್ಕೆ ಮುಂಚೆ ನಾವು ಅದನ್ನು ಹತ್ತಬೇಕು ಎಂದರೆ ಎರಡೂ ಮಾತು ತಮ್ಮ ತಮ್ಮ ಜಾಗದಲ್ಲಿ ಕೂತುಕೊಳ್ಳುತ್ತವೆ.

ಟೇಕ್ ನಮ್ಮ ಮಾತಿನೊಳಗೆ ಬಂದ ಬಾಗಿಲು ಮಾತ್ರ 'ತಗೋ'. "ಟೆನ್ಷನ್ ತಗೋಬ್ಯಾಡ್ರಿ", "ರಿಸ್ಕ್ ತಗೊಂಡ", "ಆಕ್ಷನ್ ತಗೋತಾರ", "ಒಂದ್ ಸ್ವಲ್ಪ ರೆಸ್ಟ್ ತಗೋ ಯಕ್ಕಾ". ಇವು ಈಗ ಕಿರಾಣಿ ಅಂಗಡಿಯಲ್ಲೂ ದವಾಖಾನೆಯಲ್ಲೂ ಕೇಳುವ ಮಾತು, ನನಗೆ ಇವುಗಳ ಮೇಲೆ ಮುನಿಸಿಲ್ಲ. ಟೆನ್ಷನ್ ಎಂಬುದು ಹೊರಗಿನಿಂದ ಬಂದದ್ದು, ಬೇಕಾದರೆ ತಗೋ ಬೇಡವಾದರೆ ಬಿಡು ಎಂದು ಅದನ್ನು ಕೈಯ ಪದಾರ್ಥ ಮಾಡಿದ್ದು ಒಳ್ಳೆಯದೇ. ಚಿಂತೆ ಮಾತ್ರ ಈಗಲೂ ಹತ್ತುತ್ತದೆ. "ಚಿಂತಿ ತಗೋಬ್ಯಾಡ" ಎಂದು ಯಾವ ಆಯಿಯೂ ಹೇಳಿದ್ದು ನಾನು ಕೇಳಿಲ್ಲ.

ಹುಡುಗರಿಗೆ ನಾನು ಕೊಡುವ ಅಭ್ಯಾಸದಲ್ಲಿ ಒಂದು ಜಾಗ ಬರುತ್ತದೆ, ಅಲ್ಲಿ ಟೇಕ್ ಸೋಲುತ್ತದೆ. ಮುತ್ಯಾ ಊರಿಗೆ ಹೊರಟಿದ್ದಾನೆ. "ಮುತ್ಯಾ ಬಸ್ ಹತ್ತಿದ", ಇದು ಸುಲಭ. "ಮುತ್ಯಾಗ ಬಸ್ ಹತ್ತಿಸಿದ್ವಿ", ಮೊಣಕಾಲು ನೋವು, ಕೈ ಹಿಡಿದು ಮೆಟ್ಟಿಲು ಏರಿಸಿದೆವು. ಮೂರನೆಯದು, "ಮುತ್ಯಾಗ ಬಸ್ಸಿಗಿ ಹಚ್ಚಿ ಬಂದ್ವಿ". ಇದರಲ್ಲಿ ಚೀಲ ಹೊತ್ತದ್ದು, ಕಿಟಕಿಯ ಬದಿ ಸೀಟು ಹಿಡಿದದ್ದು, ಕೆಂಭಾವಿ ಕ್ರಾಸಿನಲ್ಲಿ ಇಳಿಸಪ್ಪಾ ಎಂದು ಕಂಡಕ್ಟರನಿಗೆ ಹೇಳಿದ್ದು, ಬಸ್ ಹೊರಡುವವರೆಗೂ ಕೆಳಗೆ ನಿಂತದ್ದು ಎಲ್ಲವೂ ಇದೆ. ಇದನ್ನು ಇಂಗ್ಲಿಷಿಗೆ ತನ್ನಿ ಎಂದರೆ ತರಗತಿ ಎರಡಾಗುತ್ತದೆ. 'ಸೀ ಆಫ್' ಎಂದು ಒಂದು ಗುಂಪು, 'ಪುಟ್ ಹಿಮ್ ಆನ್ ದ ಬಸ್' ಎಂದು ಇನ್ನೊಂದು ಗುಂಪು. ಸೀ ಆಫ್‌ನಲ್ಲಿ ಕೈ ಬೀಸುವುದಿದೆ, ಚೀಲ ಹೊರುವುದಿಲ್ಲ. ಪುಟ್‌ನಲ್ಲಿ ಕೂಡಿಸುವುದಿದೆ, ಕೆಳಗೆ ನಿಲ್ಲುವುದಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎರಡನ್ನೂ ಕೂಡಿಸಿ ಬರೆದಳು, ನಾನು ಪೂರ್ತಿ ಅಂಕ ಕೊಟ್ಟೆ.